ನಾಗರತ್ನಮ್ಮನ ಪರೀಕ್ಷೆ, ನನ್ನ ಉತ್ತರ

ಕಳೆದ ಭಾನುವಾರ ನಾನೊಂದು ಪರೀಕ್ಷೆಯಲ್ಲಿ ಫೇಲಾದೆ. ಪರೀಕ್ಷೆ ನನ್ನದಲ್ಲ ಎಂಬುದೇ ಕಷ್ಟ.

ಸಾರಕ್ಕಿಯ ನಮ್ಮ ಕಟ್ಟಡದ ಕೆಳಮನೆಯಲ್ಲಿ ನಾಗರತ್ನಮ್ಮ ಇದ್ದಾರೆ. ಅರೆಕೆರೆಯ ಗೋಡೌನೊಂದರಲ್ಲಿ ಆನ್‌ಲೈನ್ ದಿನಸಿ ಪ್ಯಾಕ್ ಮಾಡುವ ಕೆಲಸ. ದಿನವಿಡೀ ನಿಂತೇ ಇರಬೇಕು. ಮಂಡಿ ಸವೆದಿದೆ. ಈಗ ಅಲ್ಲಿ ಪರಿಸರ ಉಳಿಸುವ ‘ಗ್ರೀನ್ ಪ್ಯಾಕಿಂಗ್’ ಪರೀಕ್ಷೆ ಬಂದಿದೆ. ಪಾಸಾದವರಲ್ಲಿ ಒಬ್ಬರು ಲೀಡರ್. ಲೀಡರ್‌ಗೆ ಕುರ್ಚಿ ಸಿಗುತ್ತದೆ. ಅವರಿಗೆ ಬೇಕಾದದ್ದು ಅದೊಂದೇ.

ಪರೀಕ್ಷೆ ಮೊಬೈಲ್‌ನಲ್ಲಿ, ಅದೂ ಇಂಗ್ಲಿಷ್‌ನಲ್ಲಿ. “ಸಾರ್, ಸ್ವಲ್ಪ ಓದಿ ಹೇಳ್ತೀರಾ?” ಎಂದರು. ಕನ್ನಡಕ ಏರಿಸಿ ಕೂತೆ. (ಹಿಂದಿನ ರಾತ್ರಿ ಹವಾಮಾನ ಬದಲಾವಣೆಯ ಬಗ್ಗೆ ಎರಡು ವಿಡಿಯೊ ನೋಡಿ ನಿದ್ದೆಗೆಟ್ಟಿದ್ದೆ. ಅಷ್ಟು ಅರ್ಹತೆ ಸಾಲದೇ?)

ಜೇನಿನ ಬಾಟಲಿ ಒಡೆಯದಂತೆ ಏನು ಸುತ್ತಬೇಕು?

“ಮಾಲು ಬಂದಿರೋ ಹಳೇ ರಟ್ಟಿನ ಡಬ್ಬ ಹರ್ದು ಸುತ್ತೋದು ಸಾರ್.”

“ಹಳೇ ಡಬ್ಬನಾ? ನೋಡಿ, ಇಲ್ಲಿ ಇಕೋ ಫೋಮ್ ಅಂತಿದೆ,” ಎಂದು ಒತ್ತಿದೆ.

ಒಂದೇ ಅಪಾರ್ಟ್‌ಮೆಂಟಿನಿಂದ ಎರಡು ಆರ್ಡರ್ ಬಂದರೆ?

“ಹತ್ ನಿಮಿಷ ಕಾಯ್ದು ಒಂದೇ ಗಾಡೀಲಿ ಕಳಿಸೋದು.”

ನಾನು ಒತ್ತಿದ್ದು ‘ಎರಡು ಎಲೆಕ್ಟ್ರಿಕ್ ಸ್ಕೂಟರ್’. ಇನ್ನೊಂದು ಪ್ರಶ್ನೆಗೂ ಹೀಗೇ ಅವರನ್ನು ತಿದ್ದಿದೆ. ಉಳಿದವುಗಳಿಗೆ ನನಗೇನೂ ಹೊಳೆಯಲಿಲ್ಲವಾದ್ದರಿಂದ ಅವರು ಹೇಳಿದ್ದನ್ನೇ ಒತ್ತಿದೆ.

ಫೇಲ್. ಮೂರು ಉತ್ತರ ಕೆಂಪು. ಮೂರೂ ನನ್ನವು.

ನಾಗರತ್ನಮ್ಮ ಮೊಬೈಲನ್ನೇ ನೋಡುತ್ತಿದ್ದರು. “ನಾನ್ ಹೇಳಿದ್ದೇ ಸರಿ ಇತ್ತಾ ಸಾರ್?” ನಾನು ಕನ್ನಡಕ ತೆಗೆದು ಒರೆಸತೊಡಗಿದೆ. “ಇರ್ಲಿ ಬಿಡಿ, ಕಾಫಿ ಕುಡೀರಿ,” ಎಂದು ಒಳಗೆ ಹೋದರು. ಬೈದಿದ್ದರೆ ಬದುಕುತ್ತಿದ್ದೆ.

ವರ್ಷಗಟ್ಟಲೆ ಡಬ್ಬ ಮಡಚಿದ ಕೈಗಿಂತ ಇಂಗ್ಲಿಷ್ ಓದುವ ಕಣ್ಣಿಗೆ ಪರಿಸರ ಹೆಚ್ಚು ಗೊತ್ತು ಎಂದು ನನಗೆ ಹೇಳಿದವರು ಯಾರು? ಯಾರೂ ಹೇಳಿರಲಿಲ್ಲ. ಹುಟ್ಟುತ್ತಲೇ ತಿಳಿದವನಂತೆ ಒತ್ತುತ್ತಾ ಹೋಗಿದ್ದೆ.

ಮೂರು ದಿನ ಒದ್ದಾಡಿ, ಬುಧವಾರ ಅವರ ಮ್ಯಾನೇಜರ್‌ಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಆತ ತುಂಬ ಮರ್ಯಾದಸ್ಥ.

“ಅಯ್ಯೋ, ಅವ್ರ ಕೆಲಸ ನಮಗ್ ಗೊತ್ತಿಲ್ವಾ ಸಾರ್? ಆದ್ರೆ ಸಿಸ್ಟಮ್ ಫೇಲ್ ಅಂದ್ಮೇಲೆ ನಾವೇನ್ ಮಾಡಕ್ಕಾಗುತ್ತೆ? ಪಾಸಾದ ಹುಡುಗೀನ ಲೀಡರ್ ಮಾಡಿದೀವಿ. ಹೊಸಬಳು. ನಾಗರತ್ನಮ್ಮನೇ ಟ್ರೇನಿಂಗ್ ಕೊಡ್ತಿದಾರೆ.”

ನಿಂತುಕೊಂಡೇ ಕೊಡುತ್ತಿದ್ದಾರಾ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.