ಬೀರುವಿನಲ್ಲಿ ಉಳಿದ ಹನ್ನೊಂದು ಸೀರೆ

ಬಂಧುಗಳೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ನನ್ನ ಮಾತಿಗೆ ಕಿವಿಗೊಡಿ. ಇಂದು ನಾನು ಪುರಾಣವನ್ನು ಬಿಚ್ಚುವುದಿಲ್ಲ. ಯಲ್ದೂರಿನ ಬಳಿಯ ನಮ್ಮ ಹಳ್ಳಿಯಲ್ಲಿ, ನನ್ನ ಮನೆಯಿಂದ ನಾಲ್ಕನೆಯ ಬಾಗಿಲಲ್ಲಿರುವ ಚನ್ನರಾಯಪ್ಪನ ಸಂಗತಿಯನ್ನು ಹೇಳುತ್ತೇನೆ. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. "ಹೇಳಿ ಮೇಷ್ಟ್ರೇ, ನಂದಂತೂ ತಡವಾಯ್ತು, ಇನ್ನೊಬ್ಬರಿಗಾದ್ರೂ ಆಗ್ದಿರ್ಲಿ" ಎಂದು ಅವನೇ ಅಂದಿದ್ದಾನೆ.

ಚನ್ನರಾಯಪ್ಪ ನಮ್ಮೂರಿನ ಹಾಲಿನ ಡೈರಿಯ ಸೆಕ್ರೆಟರಿ. ನನ್ನ ಶಾಲೆಯಲ್ಲಿ ಓದಿದ ಹುಡುಗನಾದ್ದರಿಂದ ಐವತ್ತೈದು ದಾಟಿದರೂ ಅವನನ್ನು ಏಕವಚನದಲ್ಲಿಯೇ ಕರೆಯುತ್ತೇನೆ. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು, ಇಪ್ಪತ್ತೇಳು ವರ್ಷಗಳಿಂದ ಅವನು ಅದೇ ಕಟ್ಟೆಯ ಮೇಲೆ ನಿಂತು ಹಾಲು ಅಳೆಯುತ್ತಿದ್ದಾನೆ. ಹಸುಗಳಿಗೆ ಭಾನುವಾರವೆಂಬುದಿಲ್ಲವಲ್ಲ! ಮದುವೆಗೆ ಹೋದರೂ ಊಟದ ಎಲೆ ಮಡಿಸುವ ಮುನ್ನವೇ ಗಡಿಯಾರ ನೋಡುವ ಮನುಷ್ಯ.

ಅವನಿಗೆ ಏಳು ವರ್ಷವಾಗಿದ್ದಾಗ ತಾಯಿ ತೀರಿಹೋದಳು. ಆಗ ಅಕ್ಕ ಕದಿರಮ್ಮನವರಿಗೆ ಹದಿನಾಲ್ಕು. ತಾಯಿಯ ಮೂರು ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಆ ಹುಡುಗಿ ತಮ್ಮನಿಗಾಗಿ ಒಂದು ಬೊಂತ ಹೊಲಿದಳು. ಹಳೆಯ ಬಟ್ಟೆಯ ಕೌದಿಯನ್ನು ನಮ್ಮ ಕಡೆ ತೆಲುಗರ ಹಾಗೆ ಬೊಂತ ಎಂದೇ ಅನ್ನುತ್ತೇವೆ. ಅದನ್ನು ಹೊದ್ದುಕೊಂಡು, ಅಕ್ಕನ ಕೈಯ ಮುದ್ದೆ ಉಂಡು ಚನ್ನರಾಯಪ್ಪ ಮನುಷ್ಯನಾದ. ಮುಂದೆ ಅಕ್ಕನನ್ನು ಆಂಧ್ರದ ಗಡಿಯ ಗೌನಿಪಲ್ಲಿಗೆ ಕೊಟ್ಟರು. ವರ್ಷ ವರ್ಷವೂ ಗೌರಿ ಹಬ್ಬಕ್ಕೆ ತಮ್ಮ ತಾನೇ ಹೋಗಿ, ಸೀರೆ, ರವಿಕೆ ಕಣ, ಅರಿಶಿನ ಕುಂಕುಮ, ಬಳೆಗಳನ್ನು ಅಕ್ಕನ ಮಡಿಲಿಗೆ ಹಾಕಿ ಬರುತ್ತಿದ್ದ. ತವರಿನ ಬಾಗಿನವೆಂದರೆ ಹಾಗೆಯೇ. ಒಡಹುಟ್ಟಿದವನ ಕೈಯಿಂದಲೇ ಅದು ಬರಬೇಕು.

ಹನ್ನೊಂದು ವರ್ಷಗಳ ಹಿಂದೆ ಒಂದು ಗೌರಿ ಹಬ್ಬದಂದು ಡೈರಿಯಲ್ಲಿ ಹಾಲಿನ ಫ್ಯಾಟು ನೋಡುವ ಯಂತ್ರ ಕೆಟ್ಟಿತು. ಹಾಲು ತಂದವರು ಗಲಾಟೆ ಮಾಡುತ್ತಿದ್ದರು. ಗೌನಿಪಲ್ಲಿಯ ಕಡೆಗೆ ಖಾಲಿ ಕ್ಯಾನುಗಳನ್ನು ತುಂಬಿಕೊಂಡು ಹೊರಟಿದ್ದ ಹಾಲಿನ ವ್ಯಾನು ಅವನ ಕಣ್ಣಿಗೆ ಬಿತ್ತು. "ಮುಖ್ತಿಯಾರ್, ಇದನ್ನ ನಮ್ಮಕ್ಕನ ಮನೇಲಿ ಕೊಟ್ಬಿಡಪ್ಪಾ" ಎಂದು ಬಾಗಿನದ ಚೀಲವನ್ನು ಚಾಲಕನ ಕೈಗೆ ಕೊಟ್ಟ.

ಮರುದಿನ ಬೆಳಿಗ್ಗೆ ಅದೇ ವ್ಯಾನಿನಲ್ಲಿ ಚೀಲ ಹಿಂದಿರುಗಿತು. ಮುಖ್ತಿಯಾರ್ ತಲೆ ತಗ್ಗಿಸಿ ಹೇಳಿದ: "ಸಾಬ್, ಅವರು ಹೇಳಿದ್ದನ್ನ ಹಂಗೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ತವರು ಖಾಲಿ ಕ್ಯಾನಿನ ಜೊತೆ ಬರೋ ಹಂಗಾಯ್ತಾ, ಹಂಗಿದ್ರೆ ಖಾಲಿ ಕ್ಯಾನಿನ ಜೊತೇನೇ ಹೋಗ್ಲಿ ಅಂದ್ರು."

ಆ ಕ್ಷಣವೇ ಬಸ್ಸು ಹತ್ತಿ ಹೋಗಿ ಅಕ್ಕನ ಕಾಲು ಹಿಡಿದಿದ್ದರೆ ಮುಗಿಯುತ್ತಿತ್ತು. ಅವನಿಗೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ನಾಚಿಕೆ ಬಂತು. ನಾಚಿಕೆಯನ್ನು ಮುಚ್ಚಲು ಡೈರಿಯ ಕೆಲಸ ಇದ್ದೇ ಇತ್ತು. ಆದರೂ ಪ್ರತಿ ಗೌರಿಗೆ ಶ್ರೀನಿವಾಸಪುರಕ್ಕೆ ಹೋಗಿ ಅಕ್ಕನಿಗೊಂದು ಸೀರೆ ತರುವುದನ್ನು ಅವನು ಬಿಡಲಿಲ್ಲ. ಕೊರೋನಾ ವರ್ಷದಲ್ಲಿ ಅರ್ಧ ಬಾಗಿಲು ತೆರೆದ ಅಂಗಡಿಯಲ್ಲಿ ಬಗ್ಗಿ ನುಗ್ಗಿಯೂ ತಂದ. ಈ ಸಲ ನಾನೇ ಹೋಗುತ್ತೇನೆ ಎನ್ನುತ್ತಿದ್ದ. ಹಬ್ಬದ ದಿನ ಸಂಜೆ ಐದಾಗುತ್ತಿತ್ತು, ಹಾಲು ಬರುತ್ತಿತ್ತು, ಸೀರೆ ಬೀರು ಸೇರುತ್ತಿತ್ತು. ಅಕ್ಕನ ಬಾಗಿನವಾದ್ದರಿಂದ ಹೆಂಡತಿ ಮುನಿಲಕ್ಷ್ಮಿ ಅದನ್ನು ಉಡುವಂತಿಲ್ಲ. ಬೇರೆಯವರಿಗೆ ಕೊಡುವಂತೆಯೂ ಇಲ್ಲ. ಅಕ್ಕ ತನ್ನ ಕೈಯಿಂದ ತವರಿನ ಸೀರೆಯನ್ನು ತೆಗೆದುಕೊಳ್ಳಬೇಕು, ಅವನ ಬದುಕಿಗೆ ಇದ್ದುದು ಇದೊಂದೇ ಹರಕೆ. ಅದನ್ನು ತೀರಿಸುವ ದಾರಿ ಬಸ್ಸಿನಲ್ಲಿ ಒಂದು ಗಂಟೆಯದು.

ಕಳೆದ ಶ್ರಾವಣದಲ್ಲಿ, ಆಂಜನೇಯನ ಗುಡಿಯ ಶನಿವಾರದ ಭಜನೆಯ ನಂತರ, ನಾನು ನಾಲ್ಕು ಮಾತು ಆಡಿದೆ. ಎರಡು ವರ್ಷ ಮೈ ಮುಟ್ಟದೆ ಕುಳಿತ ಬಟ್ಟೆ ನಮ್ಮದಲ್ಲ, ಭಗವಂತ ಇನ್ನೊಬ್ಬರಿಗೆಂದು ಕೊಟ್ಟದ್ದನ್ನು ನಾವು ಬೀಗ ಹಾಕಿ ಇಟ್ಟುಕೊಂಡಿದ್ದೇವೆ ಎಂದೆ. ಕೇಳಿದವರಲ್ಲಿ ಚನ್ನರಾಯಪ್ಪನ ಸೊಸೆ ಶಿವಾನಿಯೂ ಇದ್ದಳು. ಮಾತನ್ನು ಕೇಳಿ ಗುಡಿಯಲ್ಲಿಯೇ ಬಿಟ್ಟುಹೋಗುವ ಹುಡುಗಿಯಲ್ಲ ಅವಳು. ಮರುದಿನವೇ ಬೀರು ತೆರೆದಳು. ಗಂಡ ಕಾಂತರಾಜನ ಬಿಗಿಯಾದ ಪ್ಯಾಂಟುಗಳು, ಲಾಡಿಯಿಲ್ಲದ ಲಂಗಗಳು, ಕಾಲರು ಸವೆದ ಅಂಗಿಗಳು ಹೊರಬಂದವು. ಕೆಳಗಿನ ಅರೆಯಿಂದ, ಬಿಳಿ ಪಂಚೆಯಲ್ಲಿ ಕಟ್ಟಿದ ಗಂಟೂ ಬಂತು.

ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಶರೀಫುನ್ನೀಸಾ ಜಗಲಿಯ ಮೇಲೆ ಕುಳಿತಿದ್ದಳು. ಗಂಟು ಬಿಚ್ಚಿ ನೋಡಿ, "ಅಮ್ಮಾ, ಇವನ್ನ ಒಂದ್ಸಲಾನೂ ಉಟ್ಟಿಲ್ವಲ್ಲಾ! ಇದಕ್ಕೆ ದೊಡ್ಡ ಇಡ್ಲಿ ಪಾತ್ರೇನೇ ಕೊಡ್ತೀನಿ, ಮುಚ್ಚಳದ್ದು" ಎಂದಳು.

ಅಷ್ಟರಲ್ಲಿ ಚನ್ನರಾಯಪ್ಪ ಡೈರಿಯಿಂದ ಬಂದ. "ಲೇ, ಅದನ್ನ ಯಾರು ತೆಗೆದಿದ್ದು? ಮುಟ್ಬೇಡಿ!" ಎಂದು ಅವನು ಕೂಗಿದ ಕೂಗು ನನ್ನ ಮನೆಗೂ ಕೇಳಿಸಿ ನಾನು ಎದ್ದು ಬಂದೆ.

"ಮಾವ, ಮೇಷ್ಟ್ರೇ ಹೇಳಿದ್ರಲ್ಲಾ..." ಎಂದು ಶಿವಾನಿ ತಡವರಿಸಿದಳು.

ಮುನಿಲಕ್ಷ್ಮಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. "ಕೂಗಾಡ್ಬೇಡ್ರೀ. ನನಗೆ ಉಡೋಕೆ ಬಿಡಲ್ಲ, ಅವರಿಗೆ ಕೊಡೋಕೆ ಹೋಗಲ್ಲ. ನುಸಿ ಗುಳಿಗೆ ಹಾಕಿ ಹಾಕಿ ನನಗೇ ಸಾಕಾಯ್ತು. ಬೀರೇನು ದೇವರ ಗುಡೀನಾ, ಇಟ್ಟು ಪೂಜೆ ಮಾಡೋಕೆ?"

"ಗೌನಿಪಲ್ಲಿ ಕದಿರಮ್ಮಂದು ಕಣೇ ಅದು! ನಮ್ಮಕ್ಕಂದು!"

ಆ ಹೆಸರು ಕೇಳಿದೊಡನೆ ಶರೀಫುನ್ನೀಸಾ ಇಡ್ಲಿ ಪಾತ್ರೆಯನ್ನು ಹಿಂದಕ್ಕೆಳೆದುಕೊಂಡಳು. "ಯಾರು, ಬಾವಿ ಪಕ್ಕದ ಮನೆಯ ಕದಿರಮ್ಮನವರಾ? ಅಯ್ಯೋ ಅಣ್ಣಾ, ನನಗೆ ಬೇಡ. ಆಯಮ್ಮ ಹೋದ ವರ್ಷ ತನ್ನ ಸೀರೆ ಎಲ್ಲಾನೂ ನನಗೇ ಹಾಕಿದ್ರು. ಲಕ್ವ ಹೊಡೆದ ಮೇಲೆ ಬರೀ ನೈಟಿ ಅಲ್ವಾ?"

ಚನ್ನರಾಯಪ್ಪ ಬಿಚ್ಚಿದ ಗಂಟನ್ನು ಮತ್ತೆ ಕಟ್ಟತೊಡಗಿದ. ಅಕ್ಕನಿಗೆ ಮೈ ಸರಿಯಿಲ್ಲವೆಂದು ಯಾರೋ ಅಂದದ್ದು ಅವನ ಕಿವಿಗೆ ಬಿದ್ದಿತ್ತು. ಏನಾಗಿದೆ ಎಂದು ಕೇಳಲು ಹೆದರಿದ್ದ. ನನ್ನತ್ತ ತಿರುಗಿ, "ಹೋಗ್ಬೇಕು ಮೇಷ್ಟ್ರೇ. ಆದ್ರೆ ಸಂಜೆ ಹಾಲು..." ಎಂದ.

"ನಾನು ಅಳೀತೀನಿ ಹೋಗಿ ಮಾವ," ಎಂದಳು ಶಿವಾನಿ. "ನೀವು ಮಾಡೋದನ್ನ ನೋಡಿ ನೋಡಿ ಬರುತ್ತೆ ನನಗೆ."

ಹನ್ನೊಂದು ವರ್ಷ ಅಡ್ಡ ನಿಂತಿದ್ದ ಬಂಡೆ ಅಷ್ಟು ಹಗುರವಾಗಿತ್ತು, ಬಂಧುಗಳೇ. ಅದನ್ನು ಕಂಡು ಅವನು ಸಂತೋಷಪಡಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡ. ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದ.

ಗೌನಿಪಲ್ಲಿಯ ಮನೆಯ ಮುಂದೆ ಭಾವ ಕೋದಂಡರಾಮಪ್ಪನವರು ಕಡಲೇಕಾಯಿ ಬಿಡಿಸುತ್ತಿದ್ದರು. ತಲೆಯೆತ್ತಿ, "ಏನಪ್ಪಾ, ಹಾಲಿನ ವ್ಯಾನು ತಪ್ಪಿಹೋಯ್ತಾ? ನೀನೇ ಬಂದ್ಬಿಟ್ಟೆ!" ಎಂದವರು, ಅವನ ಮುಖ ನೋಡಿ ಒಳಗೆ ಕೈ ತೋರಿಸಿದರು.

ಕದಿರಮ್ಮನವರು ಕಿಟಕಿಯ ಬಳಿ ಮಂಚದ ಮೇಲೆ ದಿಂಬಿಗೊರಗಿ ಕುಳಿತಿದ್ದರು. ಮೈಮೇಲೆ ಮಾಸಲು ನೀಲಿಯ ನೈಟಿ. ಬಲಗೈ ಮಡಿಲಲ್ಲಿ ಯಾರೋ ಮರೆತು ಇಟ್ಟುಹೋದ ವಸ್ತುವಿನಂತೆ ಬಿದ್ದಿತ್ತು.

"ಏಮ್ರಾ ಚೆನ್ನಾ, ಇಪ್ಪಟಿಕಿ ತೀರಿಕೈಂದಾ?" ಎಂದರು. ಈಗ ಬಿಡುವಾಯಿತೇ ಎಂಬ ಆ ತೆಲುಗು ಮಾತು ತುಟಿಯ ಒಂದೇ ಬದಿಯಿಂದ ಹೊರಬಂತು.

ಅವನು ಅವರ ಕಾಲಬಳಿ ಕುಳಿತು ಗಂಟು ಬಿಚ್ಚಿದ. ಹನ್ನೊಂದು ಸೀರೆಗಳೂ ಮಂಚದ ಮೇಲೆ ಹರಡಿದವು. ಕುಂಕುಮದ ಪೊಟ್ಟಣಗಳು ಒಡೆದು ಒಂದೆರಡಕ್ಕೆ ಕಲೆ ಹತ್ತಿತ್ತು. ಎಲ್ಲಕ್ಕಿಂತ ಹಳೆಯದು, ವ್ಯಾನಿನಲ್ಲಿ ಹೋಗಿ ಬಂದ ಅರಿಶಿನ ಬಣ್ಣದ ರೇಷ್ಮೆ. ಅದನ್ನು ಬಿಡಿಸಿ ತೋರಿಸುವಷ್ಟರಲ್ಲಿ ಮಡಿಕೆಯ ಗೆರೆಯಗುಂಟ ಸರ್ರನೆ ಹರಿಯಿತು. ಹನ್ನೊಂದು ವರ್ಷ ಒಂದೇ ಮಡಿಕೆಯಲ್ಲಿ ಉಸಿರುಗಟ್ಟಿದ ರೇಷ್ಮೆಯ ನೂಲಿಗೆ ಪ್ರಾಣ ಉಳಿದೀತೇ?

"ತಗೋ ಅಕ್ಕಾ," ಎಂದ. "ನಾನೇ ತಂದಿದೀನಿ."

"ಯಾವ ಕೈಲಿ ತಗೊಳ್ಲೋ? ತವರಿನ ಬಾಗಿನ ಎಡಗೈಲಿ ತಗೋಬೇಕಾ?"

ಅವನು ಆ ಬಲಗೈಯನ್ನು ತನ್ನ ಎರಡೂ ಕೈಗಳಿಂದ ಎತ್ತಿ ಸೀರೆಗಳ ಮೇಲಿಟ್ಟ. ಬೆರಳುಗಳು ಮಡಚಿಕೊಳ್ಳಲಿಲ್ಲ. ಕೈ ಮೆಲ್ಲನೆ ಜಾರಿ ಹಾಸಿಗೆಗೆ ಬಿತ್ತು. ಇನ್ನೊಮ್ಮೆ ಎತ್ತಿಟ್ಟ. ಮತ್ತೆ ಜಾರಿತು.

"ಬಿಡ್ಲಾ, ಅದಕ್ಕೆ ಹಿಂಸೆ ಕೊಡ್ಬೇಡ," ಎಂದರು ಕದಿರಮ್ಮನವರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ. "ಸೀರೆ ಉಡೋಕೆ ಎರಡು ಕೈ ಬೇಕು. ನಿನ್ನ ಭಾವ ಉಡಿಸ್ತೀನಿ ಅಂತ ಬಂದು, ನನ್ನನ್ನ ಬಣವೆಗೆ ಹಗ್ಗ ಸುತ್ತಿದ ಹಂಗೆ ಸುತ್ತಿದ್ರು. ನಕ್ಕು ನಕ್ಕು ಸಾಕಾಯ್ತು. ಎಲ್ಲಾ ಪಾತ್ರೆಯವಳಿಗೆ ಹಾಕ್ಬಿಟ್ಟೆ."

"ಹಂಗಾದ್ರೆ ಇವನ್ನ ಬೊಂತ ಹೊಲಿಸ್ಕೊಡ್ತೀನಿ ಅಕ್ಕಾ. ಹೊದ್ಕೊಳ್ಳೋಕಾದ್ರೂ ಆಗುತ್ತೆ."

ಅಕ್ಕ ಎಡಗೈಯಿಂದ ಒಂದು ಸೀರೆಯ ಅಂಚನ್ನು ತಿಕ್ಕಿ ನೋಡಿದರು. "ಹೊಸ ಸೀರೇಲಿ ಬೊಂತ ಹೊಲಿತಾರೇನ್ಲಾ ದಡ್ಡ? ಮೈಗೆ ಚುಚ್ಚುತ್ತೆ. ಅಮ್ಮನ ಸೀರೆ ಯಾಕೆ ಮೆತ್ತಗಿತ್ತು ಅನ್ಕೊಂಡೆ? ಅವಳು ಉಟ್ಟು, ಬೆವತು, ಕಲ್ಲಿಗೆ ಒಗೆದು ಒಗೆದು ಸವೆಸಿದ್ಲು. ಬಟ್ಟೆ ಮೊದಲು ಯಾರಾದ್ರೂ ಉಡ್ಬೇಕು, ಆಮೇಲೇ ಅದು ಬೊಂತಕ್ಕೆ ಬರೋದು."

ಎಡಗೈಯಿಂದ ಸೀರೆಗಳನ್ನು ತಮ್ಮನ ಕಡೆಗೆ ತಳ್ಳಿದರು. ಆಮೇಲೆ ಅವರೇ ಹೇಳಿದರು: "ತಗೊಂಡ್ಹೋಗು. ಉಡೋರಿಗೆ ಕೊಡು. ಪೆಟ್ಟಿಗೆಗೆ ಹಾಕೋರಿಗೆ ಕೊಡ್ಬೇಡ, ದಿನಾ ಉಡೋರಿಗೆ ಕೊಡು. ಹಳೇದಾದ ಮೇಲೆ ಕೇಳಿ ಇಸ್ಕೊಂಡು ಬಾ. ಆಗ ಹೊಲಿಸು, ಹೊದ್ಕೊಳ್ತೀನಿ."

"ಎಷ್ಟು ದಿನ ಬೇಕಾಗುತ್ತೆ ಅಕ್ಕಾ?"

"ದಿನಾ ಒಗೆದ್ರೆ ಎರಡು ವರ್ಷ."

ಎರಡು ವರ್ಷ! ಆ ಮಂಚದ ಮೇಲಿನ ದೇಹವನ್ನು ನೋಡುತ್ತಾ ಆ ಲೆಕ್ಕವನ್ನು ಕದಿರಮ್ಮನವರೂ ಸೇರಿ ನಾವು ಮೂವರೂ ಮನಸ್ಸಿನಲ್ಲಿಯೇ ಮಾಡಿದೆವು. ಹರಿದ ಅರಿಶಿನ ಸೀರೆಯನ್ನು ಮಾತ್ರ ಅವರು ಇಟ್ಟುಕೊಂಡರು. "ಇದನ್ನ ದಿಂಬಿಗೆ ಹಾಕು, ಕೆನ್ನೆಗಾದ್ರೂ ತಾಗ್ಲಿ," ಎಂದರು.

ಚನ್ನರಾಯಪ್ಪ ಉಳಿದ ಹತ್ತು ಸೀರೆಗಳನ್ನು ಡೈರಿಗೆ ಹಾಲು ತರುವ ಹತ್ತು ಹೆಣ್ಣುಮಕ್ಕಳಿಗೆ ಕೊಟ್ಟ. "ದಿನಾ ಉಡಿ, ದಿನಾ ಒಗೀರಿ, ಹಬ್ಬಕ್ಕೆ ಅಂತ ಎತ್ತಿಡಬೇಡಿ" ಎಂದು ಅವನು ಕೈಮುಗಿದು ಬೇಡಿದ್ದನ್ನು ನೋಡಿ ಅವರಲ್ಲಿ ಕೆಲವರು ಮುಸಿಮುಸಿ ನಕ್ಕರಂತೆ. ಈಗ ಬೆಳಿಗ್ಗೆ ಆರು ಗಂಟೆಗೆ, ಸಗಣಿಯ ಕಲೆ ಹತ್ತಿದ, ಅಂಚು ಬಿಟ್ಟ ಅಕ್ಕನ ಸೀರೆಗಳು ಕ್ಯಾನು ಹಿಡಿದು ಸಾಲಿನಲ್ಲಿ ಬರುತ್ತವೆ. ಅವನು ಹಾಲು ಅಳೆಯುತ್ತಾ ಅವುಗಳ ಬಣ್ಣ ಎಷ್ಟು ಇಳಿದಿದೆ ಎಂದು ನೋಡುತ್ತಾನೆ. ತವಕಪಡುವುದನ್ನು ಬಿಟ್ಟು ಅವನ ಕೈಯಲ್ಲಿ ಇನ್ನೇನೂ ಇಲ್ಲ. ಬಟ್ಟೆಯನ್ನು ಬೇಗ ಹಳತಾಗಿಸುವ ಮಂತ್ರ ನನಗೂ ಬಾರದು.

ಈ ಗೌರಿಗೆ ಅವನು ಸೀರೆ ಕೊಳ್ಳಲಿಲ್ಲ. ಮುಂದೆ ಗುಂಡಿಯಿರುವ ಎರಡು ಹತ್ತಿಯ ನೈಟಿಗಳನ್ನು ಕೊಂಡು, ಅರಿಶಿನ ಕುಂಕುಮದೊಂದಿಗೆ ತಾನೇ ಒಯ್ದ. ಪ್ರತಿ ಭಾನುವಾರವೂ ಹೋಗುತ್ತಾನೆ. ಆ ಸಂಜೆಯ ಹಾಲು ಶಿವಾನಿಯದು. ಹೋದಾಗಲೆಲ್ಲ ಅಕ್ಕ ಕೇಳುವುದು ಒಂದೇ ಮಾತು: "ಮೆತ್ತಗಾಯ್ತೇನ್ಲಾ?"

"ಇನ್ನೂ ಇಲ್ಲ ಅಕ್ಕಾ," ಎನ್ನುತ್ತಾನೆ. ಕಳೆದ ವಾರ ಅವರ ಮಾತು ಇನ್ನಷ್ಟು ತೊದಲಿತ್ತು. ಕೇಳಿದ್ದು ಮಾತ್ರ ಅದನ್ನೇ.

ಆದ್ದರಿಂದ, ತಂದೆ ತಾಯಂದಿರೇ, ಭಜನೆಯ ದಿನ ನಾನು ಅರ್ಧವನ್ನಷ್ಟೇ ಹೇಳಿದ್ದೆ. ಉಳಿದರ್ಧವನ್ನು ಕದಿರಮ್ಮನವರು ಕಲಿಸಿದರು. ಇಂದು ದೀಪ ಹಚ್ಚುವ ಮುನ್ನ ನಿಮ್ಮ ಬೀರುವನ್ನು ತೆರೆಯಿರಿ. ಉಡದೆ ಕುಳಿತದ್ದನ್ನು, ನಾಳೆಯೇ ಉಟ್ಟು ಒಗೆಯುವವರ ಕೈಗೆ ಕೊಡಿ. ಯಾರದೋ ಹೆಸರಿನಲ್ಲಿ ಎತ್ತಿಟ್ಟದ್ದು ಒಂದಾದರೂ ಸಿಕ್ಕೀತು. ಅದನ್ನು ಯಾವ ವ್ಯಾನಿಗೂ ಒಪ್ಪಿಸದೆ, ಅವರ ಕೈ ಇನ್ನೂ ಹಿಡಿಯಬಲ್ಲುದಾಗಿರುವಾಗಲೇ, ನೀವೇ ಹೊತ್ತುಕೊಂಡು ಹೋಗಿ ಕೊಟ್ಟು ಬನ್ನಿ. ಈ ಮುದುಕ ನಾನು ಕೈಮುಗಿದು ಕೇಳುತ್ತಿದ್ದೇನೆ, ಇಂದೇ ಹೊರಡಿ.