ರಿಸೆಂಬಲ್, ಅಸೆಂಬಲ್ ಮತ್ತು ಬಿ ಸೆಕ್ಷನ್

ನನಗೊಂದು ಕೆಟ್ಟ ಚಟವಿದೆ. ಬೇರೆಯವರಿಗೆ ಎಲೆಅಡಿಕೆ, ನಶ್ಯ ಇದ್ದ ಹಾಗೆ ನನಗೆ ಇಂಗ್ಲಿಷ್ ಪದಗಳ ನೆಂಟಸ್ತನ ಹುಡುಕುವುದು. ಮದುವೆ ಮನೆಯಲ್ಲಿ ಹಿರಿಯರು ‘ನೀವು ಯಾವ ಕಡೆಯೋರು, ಕೈವಾರದೋರಿಗೆ ಏನಾಗಬೇಕು’ ಎಂದು ಕೆದಕುವಂತೆ ನಾನು ನಿಘಂಟು ಬಿಡಿಸಿಕೊಂಡು ಒಂದೊಂದು ಪದದ ಕುಲಗೋತ್ರ ವಿಚಾರಿಸುತ್ತೇನೆ. ನನ್ನ ಹೆಂಡತಿ ಇದನ್ನು ಕೆಲಸವಿಲ್ಲದವನ ಕೆಲಸ ಎನ್ನುತ್ತಾಳೆ. ಶಿಡ್ಲಘಟ್ಟದ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದಾಗ ಈ ಚಟಕ್ಕೆ ಸಂಬಳವೂ ಬರುತ್ತಿತ್ತು ಎಂಬುದೊಂದೇ ನನ್ನ ಸಮರ್ಥನೆ.

ಎಲ್ಲ ಬಳಗಗಳಲ್ಲಿ ನನಗೆ ಅಚ್ಚುಮೆಚ್ಚಿನದು ‘ಸಿಮಿಲರ್’ ಮನೆತನ. ಸಿಮಿಲರ್ ಎಂದರೆ ಒಂದೇ ತೆರನಾದದ್ದು. ರಿಸೆಂಬಲ್ ಎಂದರೆ ಹೋಲುವುದು, ಅಸೆಂಬಲ್ ಎಂದರೆ ಒಟ್ಟುಗೂಡುವುದು. ಅಸಿಮಿಲೇಟ್ ಎಂದರೆ ಬೇರೆಯದನ್ನು ತನ್ನಂತೆಯೇ ಮಾಡಿಕೊಂಡು ಅರಗಿಸಿಕೊಳ್ಳುವುದು. ಆ ಮನೆಯಲ್ಲಿ ಹಸಿವು ಸ್ವಲ್ಪ ಜಾಸ್ತಿಯಿರುವ ಅಳಿಯ ಅವನು. ಲ್ಯಾಟಿನ್ನನ್ನೂ ದಾಟಿ ಹಿಂದೆ ಹೋದರೆ ಇವೆಲ್ಲ ‘ಒಂದು’ ಎಂಬ ಅರ್ಥದ ಬೇರಿಗೆ ಹೋಗಿ ಮುಟ್ಟುತ್ತವಂತೆ. ನಮ್ಮ ‘ಸಮ’ ಕೂಡ ಇವರಿಗೆ ದೂರದ ನೆಂಟ ಎಂದು ತಿಳಿದವರು ಹೇಳುತ್ತಾರೆ. ಹೋಲುವುದೂ ಕೂಡುವುದೂ ಒಡಹುಟ್ಟಿದವು ಕಣ್ರಪ್ಪಾ ಎಂದು ಹತ್ತನೇ ತರಗತಿಯಲ್ಲಿ ಒಂದು ದಿನ ಸಾರಿ, ಬಹಳ ದೊಡ್ಡ ಮಾತು ಹೇಳಿದವನಂತೆ ಸೀಮೆಸುಣ್ಣದ ಕೈಯಲ್ಲೇ ಮೀಸೆ ಸವರಿಕೊಂಡೆ.

ಆಗ ಶಾಹೀನಾ ಎದ್ದು ನಿಂತಳು. ಅವಳ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕಸುಬು. ದಿನಾ ಬೆಳಿಗ್ಗೆ ಗೂಡು ಆರಿಸಿಕೊಟ್ಟು ಶಾಲೆಗೆ ಬರುತ್ತಿದ್ದಳು. ಇಂಗ್ಲಿಷಿನಲ್ಲಿ ಅವಳು ಮೂವತ್ತು ದಾಟಿದ್ದೇ ಇಲ್ಲ.

“ನಮ್ಮನೇಲೂ ಹಂಗೇ ಸಾರ್. ಒಂದೇ ಥರ ಇರೋ ಗೂಡೆಲ್ಲಾ ಒಂದ್ ಕಡೆ ಹಾಕ್ತೀವಿ. ಜೋಡಿ ಗೂಡು, ಕರೆ ಆಗಿರೋ ಗೂಡು ಬೇರೆ ತೆಗೀತೀವಿ. ಇಲ್ಲಾಂದ್ರೆ ದಾರ ಕಿತ್ತೋಗುತ್ತೆ.”

ಎರಡು ಹುಳು ಸೇರಿ ಕಟ್ಟಿಕೊಂಡದ್ದು ಜೋಡಿ ಗೂಡು. ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುವುದರಿಂದ ಅದು ನೂಲಿಗೆ ತಕರಾರು. ನನ್ನ ನಿಘಂಟಿನ ಎರಡು ಪುಟವನ್ನು ಈ ಹುಡುಗಿ ದಿನಾ ಬೆರಳಲ್ಲೇ ಓದಿ ಮುಗಿಸುತ್ತಾಳಲ್ಲ ಎಂದು ಹಿಗ್ಗಿಹೋದೆ. ಆ ಹಿಗ್ಗಿನಲ್ಲಿ ಸ್ಟಾಫ್ ರೂಮಿಗೆ ಹೋಗಿ ಎಲ್ಲವನ್ನೂ ಬಣ್ಣಿಸಿದೆ. ಬಾಯಿ ಮುಚ್ಚಿಕೊಂಡಿರಬೇಕಿತ್ತು.

ನಮ್ಮ ಹೆಡ್‌ಮಾಸ್ಟರ ಮನೆತನವೇ ಗೂಡಿನ ವ್ಯಾಪಾರದ್ದು. ಅವರು ಕಾಫಿ ಲೋಟ ಕೆಳಗಿಟ್ಟು, “ಮೇಷ್ಟ್ರೇ, ಟೆಂತ್‌ಗೂ ನಾವು ಇದನ್ನೇ ಮಾಡ್ಬೇಕಾಗಿರೋದು” ಎಂದರು. ಕೋಲಾರದಿಂದ ಬೇರೆಯಾಗಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಆಗಷ್ಟೇ ಆಗಿತ್ತು. ಹೊಸ ಜಿಲ್ಲೆಯಲ್ಲಿ ನಮ್ಮ ಶಾಲೆ ಹೆಸರು ಮಾಡಬೇಕೆಂಬುದು ಅವರ ಆಸೆ. ಪಾಸಾಗುವವರದು ಎ ಸೆಕ್ಷನ್, ಅವರಿಗೆ ಪಾಠ. ಅನುಮಾನದವರದು ಬಿ ಸೆಕ್ಷನ್. ಅವರಿಗೆ ಹಿಂದಿನ ಹಳೇ ಲ್ಯಾಬ್ ಕೋಣೆ ಮತ್ತು ಒಂದೊಂದು ಗೈಡು. ಹೆಚ್ಚಿನವರು ಮುಗ್ಗರಿಸುವುದು ಇಂಗ್ಲಿಷಿನಲ್ಲೇ ಆದ್ದರಿಂದ ಬಿ ಸೆಕ್ಷನ್ನಿನ ಪಟ್ಟಿ ಬರೆದು ಸಹಿ ಹಾಕಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಸುದ್ದಿ ಸಂಜೆಯೊಳಗೆ ಮಕ್ಕಳಿಗೆ ಮುಟ್ಟಿತು. ಶಾಹೀನಾ ಗೇಟಿನ ಹತ್ತಿರ ಕಾದಿದ್ದಳು. “ಬಿ ಸೆಕ್ಷನ್‌ಗೆ ಹಾಕಿದ್ರೆ ನಮ್ಮ ಅಬ್ಬಾ ಸ್ಕೂಲ್ ಬಿಡಿಸ್ಬಿಡ್ತಾರೆ ಸಾರ್. ಫೇಲಾಗೋಳಿಗೆ ಸ್ಕೂಲ್ ಯಾಕೆ ಅಂತಾರೆ.” ಅಷ್ಟು ಹೇಳಿ ಹೊರಟುಹೋದಳು. ಅವಳು ಅತ್ತಿದ್ದರೆ ಸಮಾಧಾನವನ್ನಾದರೂ ಹೇಳಬಹುದಿತ್ತು.

ಮನೆಗೆ ಹೋಗಲು ಚಿಂತಾಮಣಿಯ ಬಸ್ಸು ಹತ್ತಿದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೊದಲ ಸಿಟ್ಟು ನನ್ನ ಮೇಲೆ, ಎರಡನೆಯದು ನಿಘಂಟಿನ ಮೇಲೆ. ಹೋಲದವರು ಕೂಡಬಾರದೆಂದು ಯಾವ ಬೇರು ಹೇಳುತ್ತದೆ? ಆ ಬಸ್ಸನ್ನೇ ನೋಡಿ. ಕಂಡಕ್ಟರ್ ತೆಲುಗಿನಲ್ಲಿ ಕೇಳುತ್ತಾನೆ, ಕನ್ನಡದಲ್ಲಿ ಚೀಟಿ ಹರಿಯುತ್ತಾನೆ, ಚಿಲ್ಲರೆಗೆ ಎರಡರಲ್ಲೂ ಜಗಳವಾಡುತ್ತಾನೆ. ಹಿಂದಿನ ಸೀಟಿನಲ್ಲಿ ಉರ್ದು, ಕಾಲಬುಡದಲ್ಲಿ ಯಾರದೋ ನುಗ್ಗೆಕಾಯಿ ಕಟ್ಟು. ಯಾರಿಗೂ ಯಾರ ಹೋಲಿಕೆಯೂ ಇಲ್ಲ, ಆದರೂ ಎಲ್ಲರೂ ಊರು ಸೇರುತ್ತೇವೆ. ಅಷ್ಟು ದೂರ ಯಾಕೆ, ನಾನೂ ನನ್ನ ಹೆಂಡತಿಯೂ ಉಪ್ಪಿನಿಂದ ಹಿಡಿದು ಫ್ಯಾನಿನ ವೇಗದವರೆಗೆ ಯಾವುದರಲ್ಲೂ ರಿಸೆಂಬಲ್ ಆಗುವುದಿಲ್ಲ. ಇಪ್ಪತ್ತು ವರ್ಷದಿಂದ ಅಸೆಂಬಲ್ ಆಗಿಯೇ ಇದ್ದೇವೆ. ಗೂಡು ಆರಿಸುವುದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಆರಿಸಿದ ಗೂಡು ಹೋಗುವುದು ಬಿಸಿನೀರಿಗೆ, ಒಳಗಿನ ಹುಳುವಿಗೆ ಮುಂದೆ ಬೆಳೆಯುವ ಮಾತೇ ಇಲ್ಲ. ನನ್ನೆದುರು ಕೂತವರಿಗೆ ಹದಿನೈದು ವರ್ಷ. ಅವರು ನಾಳೆ ಏನಾಗುತ್ತಾರೆಂದು ಹೇಳಲು ನಾನು ಯಾರು?

ಮಾರನೆಯ ದಿನ ಮಧ್ಯಾಹ್ನ ಹೆಡ್‌ಮಾಸ್ಟರಿಗೆ ಪಟ್ಟಿ ಕೊಟ್ಟೆ. ಅದರಲ್ಲಿ ಒಂದೇ ಹೆಸರಿತ್ತು, ನನ್ನದು. ಮುಂದೆ ‘ಇಂಗ್ಲಿಷ್: 28’ ಎಂದು ಬರೆದು ಕೆಳಗೆ ಸಹಿ ಹಾಕಿದ್ದೆ.

“ತಮಾಷೆನಾ ಮೇಷ್ಟ್ರೇ ಇದು?”

“ಅಲ್ಲ ಸಾರ್. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸು, ಮೊದಲನೇ ಸಲದ್ದು. ಬಿ ಸೆಕ್ಷನ್‌ಗೆ ಇನ್ಯಾರ ಹೆಸರೂ ನಾನು ಬರೆಯಲ್ಲ. ಮೆಮೊ ಕೊಡಿ, ತಗೋತೀನಿ.”

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಮೆಲ್ಲಗೆ. ಮಕ್ಕಳಿಗೆ ಗೊತ್ತಾದ್ರೆ ನಿಮ್ಮ ಮರ್ಯಾದೆ ಏನಾಗುತ್ತೆ?”

“ಬೆಳಿಗ್ಗೇನೇ ಹೇಳಿದೀನಿ ಸಾರ್.”

“ನಗ್ಲಿಲ್ವಾ?”

“ನಕ್ರು. ಶಾಹೀನಾ ಮಾತ್ರ ನಗ್ಲಿಲ್ಲ. ಫೇಲಾದ್ಮೇಲೆ ನಿಮ್ಮನ್ನ ಯಾವ ರೂಮಲ್ಲಿ ಕೂರಿಸಿದ್ರು ಸಾರ್ ಅಂತ ಕೇಳಿದ್ಳು.”

ಹೆಡ್‌ಮಾಸ್ಟರು, “ಯಾವ ರೂಮಲ್ಲಿ?” ಎಂದರು.

“ನಮ್ಮ ಮೇಷ್ಟ್ರು ಮುಂದಿನ ಬ್ಯಾಚಿನ ಜೊತೆ ಕೂರಿಸ್ಕೊಂಡ್ರು ಸಾರ್. ಪಾಸಾಗೋರ ಪಕ್ಕದಲ್ಲೇ.”

ಅವರು ಪಟ್ಟಿಯನ್ನು ಮಡಚಿ ಡ್ರಾಯರಿಗೆ ಹಾಕಿದರು. ಮತ್ತೆ ಕೇಳಲಿಲ್ಲ, ಮೆಮೊವನ್ನೂ ಕೊಡಲಿಲ್ಲ. ಸೋಮವಾರ ಅರವತ್ತೆರಡು ಮಕ್ಕಳೂ ಒಂದೇ ಕೋಣೆಯಲ್ಲಿ, ಮೂವರ ಬೆಂಚಿಗೆ ನಾಲ್ವರಂತೆ ಒತ್ತರಿಸಿಕೊಂಡು ಕೂತಿದ್ದರು. ನಾನು ಹಾಜರಿ ಕೂಗಿದೆ. ಶಾಹೀನಾ ಎದ್ದು ನಿಂತು, ಒಂದಕ್ಷರ ತಪ್ಪಿಲ್ಲದ ಇಂಗ್ಲಿಷಿನಲ್ಲಿ, ‘ಪ್ರೆಸೆಂಟ್ ಸಾರ್’ ಎಂದಳು.