ಟೀವಿಯೊಳಗಿನ ಇಸ್ಪೀಟು ಮತ್ತು ಅಂಗಡಿ ಅಕ್ಕ

ಆಟವನ್ನು ಒಮ್ಮೆಯೂ ಪೂರ್ತಿ ನೋಡದೆ ವಿಡಿಯೋ ಗೇಮ್ ಆಡಿಸುವ ಅಂಗಡಿಯನ್ನು ಮುಚ್ಚಿಸಿದವರು ನೀವು, ನಮ್ಮ ಬಡಾವಣೆಯ ಹಿತರಕ್ಷಣಾ ಸಮಿತಿಯವರು. ಅದನ್ನು ನಡೆಸುತ್ತಿದ್ದ ಹೆಂಗಸಿಗೆ ಜೂಜಿನವಳೆಂಬ ಹೆಸರು ಅಂಟಿಸಿದವರೂ ನೀವೇ.

ಮೊನ್ನೆ ಹರಿಹರದ ರಿಪೇರಿ ಅಂಗಡಿಯೊಂದರಲ್ಲಿ ಹಳೆಯ ಗೇಮ್ ಯಂತ್ರ ಬಿಸಿಯಾಗಿ ಸುಟ್ಟ ಧೂಳಿನ ವಾಸನೆ ಬಂತು. ಅದರ ಹಿಂದೆಯೇ ಆ ಹೆಂಗಸು, ನಾವೆಲ್ಲ ಕರೆಯುತ್ತಿದ್ದ ಅಂಗಡಿ ಅಕ್ಕ, ನೆನಪಾದಳು... ದಾವಣಗೆರೆಯಲ್ಲಿ, ಶಾಮನೂರಿಗೆ ಹೋಗುವ ದಾರಿಯ ಬದಿಯ ಮಳಿಗೆ, ಎರಡು ಟೀವಿ, ಒಂದು ಉದ್ದನೆಯ ಬೆಂಚು. ಕಾಲೇಜು ಬಿಟ್ಟೊಡನೆ ನಾನು ಅಲ್ಲಿರುತ್ತಿದ್ದೆ.

ಅಲ್ಲಿ ಎಲ್ಲರೂ ಆಡುತ್ತಿದ್ದುದು ಜಪಾನಿನ ಒಂದು ಆಟದ ಸರಣಿ. ನಾಯಕ ಭೂಗತ ಲೋಕದವನು. ಅವನನ್ನು ನಗರದ ಬೀದಿಗಳಲ್ಲಿ ನಮ್ಮಿಷ್ಟದಂತೆ ನಡೆಸಬಹುದು. ಹೊಡೆದಾಟ ಉಂಟು, ನಿಜ. ಆದರೆ ಬೀದಿಯಲ್ಲಿ ಅಳುತ್ತಿರುವ ಅಪರಿಚಿತರನ್ನು ಅವನು ದಾಟಿ ಹೋಗುವುದಿಲ್ಲ. ತನ್ನದಲ್ಲದ ಮಗುವಿಗೆ ತಂದೆಯಾಗುತ್ತಾನೆ. ಅಪರಾಧ ಮಾಡಿದವನ ನಾಚಿಕೆಯನ್ನು ಇಷ್ಟು ಅಕ್ಕರೆಯಿಂದ ಹೇಳುವ ಕತೆಗಾರಿಕೆಯನ್ನು ಮೆಚ್ಚಲು ನಮಗೆ ಯಾರ ಅನುಮತಿ ಬೇಕು?

ಅಕ್ಕನ ಅಂಗಡಿಗೊಂದು ಕಟ್ಟಳೆಯಿತ್ತು. ಆಟದ ನಡುವೆ ಬರುವ ಕತೆಯ ದೃಶ್ಯಗಳನ್ನು ಯಾರೂ ಗುಂಡಿ ಒತ್ತಿ ಹಾರಿಸುವಂತಿಲ್ಲ. ಪರದೆಯ ಇಂಗ್ಲಿಷ್ ಸಾಲುಗಳನ್ನು ಸರದಿ ಕಾಯುವವರು ಕನ್ನಡದಲ್ಲಿ ಹೇಳಬೇಕು. "ಗುಂಡಿ ಒತ್ತಬ್ಯಾಡ್ರೋ! ಆ ಮುದುಕಿ ಮಗನ್ನ ಹುಡುಕ್ತೈತೆ. ನಿಮಗೇನು ಬಸ್ ಹೊಂಟೈತಾ?" ಎಂದು ಗದರುತ್ತಿದ್ದಳು. ಆಟೋ ಓಡಿಸುವವರೂ ಇಂಜಿನಿಯರಿಂಗ್ ಓದುವವರೂ ಒಂದೇ ಬೆಂಚಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ಕಂಡಿದ್ದೇನೆ...

ನಿಮ್ಮ ಅಧ್ಯಕ್ಷರು ಬಂದ ಸಂಜೆ ಆಟದ ನಾಯಕ ಇಸ್ಪೀಟಿನ ಮೇಜಿನ ಮುಂದೆ ಕೂತಿದ್ದ.

"ಏನಮ್ಮಾ, ಹುಡುಗ್ರಿಗೆ ಇಸ್ಪೀಟು ಆಡಿಸ್ತೀಯಾ?" ಎಂದರು ಅವರು.

"ಅದು ಟೀವಿಯೊಳಗಿನ ಇಸ್ಪೀಟು ಅಣ್ಣಾರೆ. ಸೋತ್ರೆ ಟೀವಿಯೊಳಗಿನ ರೊಕ್ಕನೇ ಹೋಗೋದು. ಬರ್ರಿ, ಕೂಡ್ರಿ, ನೀವೂ ಒಂದ್ ಕೈ ಆಡ್ರಿ."

ಇಡೀ ಬೆಂಚು ನಕ್ಕಿತು. ಆ ನಗೆಯನ್ನು ಅಧ್ಯಕ್ಷರು ಕ್ಷಮಿಸಲಿಲ್ಲ. ಮುಂದಿನ ಸಭೆಯಲ್ಲಿ ಜೂಜು ನಡೆಯುತ್ತಿದೆಯೆಂದು ಠರಾವು ಮಾಡಿ ಮೈಕಿನಲ್ಲಿ ಓದಿದಿರಿ. ಮಳಿಗೆಯ ಮಾಲೀಕರು ಹೆದರಿ ಖಾಲಿ ಮಾಡಿಸಿದರು. ಅಕ್ಕ ಹರಿಹರದ ತಮ್ಮನ ಮನೆ ಸೇರಿದಳು. ಬಡಾವಣೆಯವರು ಅವಳನ್ನು ಮದುವೆಗಳಿಗೆ ಕರೆಯುವುದೂ ನಿಂತಿತು.

"ನಾನು ಜೂಜು ಆಡ್ಸಿಲ್ಲ ಅಂತ ಒಬ್ರಾದ್ರೂ ಹೇಳ್ಲಿಲ್ಲ ನೋಡು," ಎಂದಳು, ಕೊನೆಯ ಸಲ ಕಂಡಾಗ. ಕಳೆದ ವರ್ಷ ತೀರಿಕೊಂಡಳು...

ಆದ್ದರಿಂದ ಸಮಿತಿಯನ್ನು ವಿಧ್ಯುಕ್ತವಾಗಿ ಕೋರುತ್ತೇನೆ: ನಿಮ್ಮಲ್ಲಿ ಯಾರು ಆ ಆಟವನ್ನು ನೋಡಿದ್ದರು, ಜೂಜಿಗೆ ಯಾವ ಪುರಾವೆಯಿತ್ತು ಎಂಬುದಕ್ಕೆ ಲಿಖಿತ ಉತ್ತರ ಕೊಡಿ. ಬರುವ ಸಭೆಯಲ್ಲಿ ಠರಾವನ್ನು ಹಿಂಪಡೆದು, ಅವಳು ಜೂಜು ನಡೆಸಲಿಲ್ಲವೆಂದು ಎಲ್ಲರೆದುರು ಹೇಳಿ. ಅವಳಿಗೆ ಅದು ಕೇಳಿಸದೆಂಬುದು ನನಗೆ ಗೊತ್ತು. ಅವಳ ತಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಹೇಳಿ.